ಬಕೆಟ್ಟಿನ ನೀರು

ನನ್ನ ಪಂಕ್ಚರ್ ಅಂಗಡಿಗೆ ಅಂಟಿಕೊಂಡೇ ಇರುವ ಬ್ಯಾಟರಿ ಅಂಗಡಿಯವನಿಗೆ ನಮ್ಮ ಬೀದಿ ಇಟ್ಟ ಹೆಸರು ಗತ್ತಪ್ಪ. ಕೆಲಸದಲ್ಲಿ ಪಳಗಿದ ಕೈ, ಇಲ್ಲವೆನ್ನುವುದಿಲ್ಲ. ಆದರೆ ಬಾಯಿ ಬಿಟ್ಟರೆ ಮುಖಕ್ಕೆ ಹೊಡೆದಂತೆ ಮಾತು, ಅದರಲ್ಲೂ ಹೆಂಡತಿಯ ಮೇಲೆ.

ಆಸಿಡ್ ಎಲ್ಲಿ ಗಂಡನ ಕಣ್ಣಿಗೆ ಸಿಡಿಯುತ್ತದೋ ಎಂಬ ಭಯ ಅವಳಿಗೆ. ಬಿದ್ದರೆ ತಕ್ಷಣ ತೊಳೆಯಬೇಕಲ್ಲ, ಅದಕ್ಕೆ ಬೆಳಿಗ್ಗೆಯೇ ಬೀದಿ ನಲ್ಲಿಯಿಂದ ಒಂದು ಬಕೆಟ್ ನೀರು ಹೊತ್ತು ತಂದು ಅವನ ಪಕ್ಕ ಇಡುವಳು. ಕಣ್ಣು ಮುಚ್ಚುವ ದಪ್ಪ ಕನ್ನಡಕವನ್ನೂ ತಂದು ಮೊಳೆಗೆ ನೇತುಹಾಕಿದ್ದಳು.

“ಇದನ್ನ ಹಾಕ್ಕೊಂಡು ನಾನೇನು ಬಾವಿಗೆ ಇಳೀಬೇಕಾ?” ಎಂದು ನನ್ನೆದುರೇ ಅವಳನ್ನು ಆಡಿಕೊಳ್ಳುತ್ತಿದ್ದ. ಹಳೇ ಬ್ಯಾಟರಿಯಲ್ಲಿ ಉಳಿದ ಆಸಿಡ್ಡನ್ನು ಅದೇ ಬಕೆಟ್ಟಿಗೆ ಬಗ್ಗಿಸುತ್ತಿದ್ದ, ಬೇಕೆಂದೇ. ಅವಳು ಚೆಲ್ಲಿ, ತೊಳೆದು, ಮತ್ತೆ ತುಂಬುವಳು; ಅವನು ನಕ್ಕು ಮತ್ತೆ ಸುರಿಯುವನು. ನೋಡಿ ನೋಡಿ ನನಗೇ ರೋಸಿಹೋಗಿತ್ತು.

ಅವತ್ತು ಲಾರಿಯವನೊಬ್ಬ ತಲೆಯ ಮೇಲೆ ನಿಂತು ಆತುರ ಮಾಡುತ್ತಿದ್ದ. ಅವಳು ಆಗಷ್ಟೇ ನೀರು ತುಂಬಿಟ್ಟು ಒಳಗೆ ಹೋಗಿದ್ದಳು. ಗತ್ತಪ್ಪ ಎಂದಿನಂತೆ ಹಳೇ ಬ್ಯಾಟರಿಯನ್ನು ಬಕೆಟ್ಟಿಗೆ ಬಗ್ಗಿಸಿ, ಹೊಸ ಆಸಿಡ್ ಕಲಸಲು ಕೂತ. ನೀರಿಗೆ ಆಸಿಡ್ಡನ್ನು ನಿಧಾನವಾಗಿ ಬಿಡಬೇಕು. ಆಸಿಡ್ಡಿಗೆ ನೀರು ಹಾಕಿದರೆ ಕುದಿದು ಚಿಮ್ಮುತ್ತದೆ. ಅವನಿಗೆ ಗೊತ್ತಿಲ್ಲದ್ದೇನಲ್ಲ. ಲಾರಿಯವನನ್ನು ಬೈಯುತ್ತಲೇ ಆಸಿಡ್ ಡಬ್ಬಕ್ಕೆ ಚೊಂಬಿನ ನೀರು ಸುರಿದ.

“ಅಯ್ಯೋ, ಕಣ್ಣು! ನೀರು ತಾರೇ, ನೀರು!”

ಓಡಿ ಬಂದವಳು ಬಕೆಟ್ ಎತ್ತಿ ಅವನ ಮುಖಕ್ಕೆ ಸುರಿದಳು. ಆಗ ಅವನು ಕೂಗಿದ ಕೂಗು ಮೊದಲಿನದಕ್ಕಿಂತ ಜೋರಾಗಿತ್ತು. ಬಕೆಟ್ಟಿನಲ್ಲಿ ಏನಿತ್ತೆಂದು ಅವಳಿಗೆ ತಿಳಿದದ್ದೇ ಆ ಕೂಗಿನಿಂದ. ನಾನು ಅವನನ್ನು ನಲ್ಲಿಯವರೆಗೆ ಎಳೆದುಕೊಂಡು ಹೋಗಿ ತೊಳೆದೆ. ಎರಡು ಕಣ್ಣೂ ಉಳಿಯಲಿಲ್ಲ.

ಈಗ ಅಂಗಡಿ ನಡೆಸುವವಳು ಅವಳೇ. ಕನ್ನಡಕ ಅವಳ ಮುಖದ ಮೇಲಿದೆ. ಅವನು ಮೂಲೆಯ ಸ್ಟೂಲಿನಲ್ಲಿ ಕೂತು, ಡಬ್ಬದ ಸದ್ದಾದಾಗಲೆಲ್ಲ ಬೆಚ್ಚುತ್ತಾನೆ. ನನಗೆ ಕನಿಕರ ಬರಬೇಕಿತ್ತು, ಬರುವುದಿಲ್ಲ.

“ಬಕೆಟ್ಟಲ್ಲಿ ನೀರಿದೆಯೇನೇ?” ಎಂದು ದಿನವೂ ಕೇಳುತ್ತಾನೆ.

ಅವಳು ಅವನ ಕೈ ಹಿಡಿದು ಬಕೆಟ್ಟಿಗೆ ಅದ್ದುತ್ತಾಳೆ. ಅವನು ಕಿರುಚಿ ಕೈ ಕಿತ್ತುಕೊಳ್ಳುತ್ತಾನೆ.

“ಬರೀ ನೀರು ಕಣ್ರೀ,” ಅನ್ನುತ್ತಾಳೆ. “ಅದಕ್ಕೆ ಏನಾದ್ರೂ ಸುರಿಯೋರು ಈಗ ಯಾರಿದ್ದಾರೆ?”