ಸತ್ತವನ ತಲೆಗೆ ಕಟ್ಟಿದ ತಂತಿ

ಮಿನ್ನೆಸೋಟದ ಉತ್ತರ ತುದಿಯ ಆ ಊರಿನಲ್ಲಿ, ದುಡ್ಡು ಕೊಟ್ಟು ರಿಪೇರಿ ಮಾಡಿಸುವ ಗಂಡಸನ್ನು ಯಾರೂ ಬೈಯುವುದಿಲ್ಲ. ‘ಪಾಪ, ಅವನಿಗೆ ಪುರುಸೊತ್ತಿಲ್ಲ’ ಎನ್ನುತ್ತಾರೆ. ಅದಕ್ಕಿಂತ ಬೈಗುಳವೇ ವಾಸಿ. ಲೋವೆಲ್ ಬ್ರೆಕ್ಕೆ ಎಪ್ಪತ್ತೊಂದು ವರ್ಷ ಆ ಮಾತು ಹೇಳಿಸಿಕೊಳ್ಳದೆ ಬದುಕಿದ್ದ. ಮೂವತ್ತು ವರ್ಷ ಕಬ್ಬಿಣದ ಗಣಿಯಲ್ಲಿ ಮೆಕ್ಯಾನಿಕ್ ಆಗಿದ್ದವನು, ನಿವೃತ್ತನಾದ ಮೇಲೆ ಲುಥೆರನ್ ಚರ್ಚಿನ ಕಟ್ಟಡ ಸಮಿತಿಯ ಮುಖ್ಯಸ್ಥನಾದ. ಸಮಿತಿ ಎಂದರೆ ಅವನೇ. ಮೊದಲು ಆ ಕೆಲಸ ನೋಡಿಕೊಳ್ಳುತ್ತಿದ್ದ ಟಿಲ್ಮನ್ ತೀರಿಕೊಂಡು ಎರಡು ವರ್ಷವಾಗಿತ್ತು.

ಡಿಸೆಂಬರಿನ ಮೊದಲ ವಾರ, ಚರ್ಚನ್ನು ಬೆಚ್ಚಗಿಡುವ ಫರ್ನೇಸ್ ಹತ್ತಿ ಹತ್ತಿ ಆರತೊಡಗಿತು. ಹೊರಗೆ ಮೈನಸ್ ಇಪ್ಪತ್ತೈದು ಡಿಗ್ರಿ ಚಳಿ. ಕಂಟ್ರಾಕ್ಟರನ್ನು ಕರೆಸೋಣವೇ ಎಂದು ಪಾದ್ರಿ ಕೇಳಿದರು.

“ಅವನು ಬಂದು ಒಂದು ಸ್ಕ್ರೂ ತಿರುಗಿಸಿ, ಹೊಸದೇ ಹಾಕ್ಬೇಕು ಅಂತಾನೆ. ಅವನ ಮೋಜಿನ ದೋಣಿಗೆ ನಾವ್ಯಾಕೆ ಪೆಟ್ರೋಲ್ ಹಾಕ್ಬೇಕು? ನಾನಿದ್ದೀನಲ್ಲ,” ಅಂದ ಲೋವೆಲ್.

ಹೊಗೆ ಕೋಣೆಗೆ ನುಗ್ಗಿದರೆ ಬೆಂಕಿ ಆರಿಸುವ ಚಿಕ್ಕ ಸ್ವಿಚ್ಚೊಂದು ಅದರಲ್ಲಿತ್ತು. ಅದೇ ಪದೇ ಪದೇ ಟ್ರಿಪ್ ಆಗುತ್ತಿತ್ತು. ಸ್ವಿಚ್ಚೇ ಕೆಟ್ಟಿದೆ ಎಂದು ಲೋವೆಲ್ ತೀರ್ಮಾನಿಸಿದ. ಯಂತ್ರ ನಿಲ್ಲಬಾರದೆಂದು ಇಂಥ ಸ್ವಿಚ್ಚುಗಳನ್ನು ತಪ್ಪಿಸಿ ತಂತಿ ಕಟ್ಟುವುದು ಗಣಿಯಲ್ಲಿ ದಿನನಿತ್ಯದ ವಿದ್ಯೆ. ಇಲ್ಲಿಗೆ ಬೆರಳುದ್ದದ ತಂತಿ ಸಾಕಾಯಿತು. ಹೊಗೆಕೊಳವೆಯೊಳಗೆ ಇಟ್ಟಿಗೆ ಕುಸಿದು ದಾರಿ ಮುಚ್ಚಿತ್ತು, ಅದನ್ನು ಅವನು ಏಣಿ ಹತ್ತಿ ನೋಡಲಿಲ್ಲ. ಫರ್ನೇಸ್ ಮತ್ತೆ ಆರಲಿಲ್ಲ. ಎಲ್ಲರೂ ಹೊಗಳಿದರು, ಅವನೂ ಬೇಡವೆನ್ನಲಿಲ್ಲ.

ಶನಿವಾರ ಹೆಂಗಸರು ಚರ್ಚಿನ ನೆಲಮಾಳಿಗೆಯಲ್ಲಿ ಸೇರಿ ಕ್ರಿಸ್ಮಸ್ಸಿಗೆ ಲೆಫ್ಸ ಎಂಬ ಆಲೂಗಡ್ಡೆ ರೊಟ್ಟಿ ಲಟ್ಟಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ತಲೆನೋವು. ಒಬ್ಬಳು ಕಿಟಕಿ ತೆರೆಯಹೋದಾಗ, ಫರ್ನೇಸ್ ನೋಡಲು ಬಂದಿದ್ದ ಲೋವೆಲ್ಲನೇ ತಡೆದ.

“ಇರೋ ಬಿಸೀನೆಲ್ಲ ಊರಿಗೆ ಹಂಚ್ತೀಯೇನಮ್ಮ? ಕಾವಲಿ ಹೊಗೆ ಅಷ್ಟೇ ಅದು.”

ಹತ್ತು ನಿಮಿಷದಲ್ಲಿ ಟಿಲ್ಮನ್ನನ ಹೆಂಡತಿ ಡೆಲೋರಿಸ್ ಕೈಯಲ್ಲಿ ಲಟ್ಟಣಿಗೆ ಇದ್ದಂತೆಯೇ ಕುಸಿದಳು.

ಅಗ್ನಿಶಾಮಕದವರು ಬಂದು, ಫರ್ನೇಸಿನ ವಿಷಾನಿಲ ಎಂದು ಎಲ್ಲರನ್ನೂ ಹೊರಗೆ ಹಿಮಕ್ಕೆ ಕಳಿಸಿದರು. ಡೆಲೋರಿಸ್ ಮೂರು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ಕೊನೆಗೂ ಕಂಟ್ರಾಕ್ಟರ್ ಕರ್ಟನನ್ನು ಕರೆಸಿದರು. ಅವನು ಪಾದ್ರಿ, ಲೋವೆಲ್ ಇಬ್ಬರ ಎದುರೇ ತಂತಿ ಕಿತ್ತು ಅಂಗೈ ಮೇಲಿಟ್ಟುಕೊಂಡ.

“ಯಜಮಾನ್ರೇ, ಇದನ್ನ ಯಾರು ಹಾಕಿದ್ದು?”

“ಹಳೇದಿರ್ಬೇಕು. ಟಿಲ್ಮನ್ ಕಾಲದ್ದು,” ಅಂದುಬಿಟ್ಟ ಲೋವೆಲ್.

ಕರ್ಟ್ ಥಳಥಳಿಸುವ ತಾಮ್ರ ನೋಡಿದ, ಲೋವೆಲ್ಲನ ಮುಖ ನೋಡಿದ. “ಹೌದಾ,” ಅಂದ. ಲೋವೆಲ್ಲನ ಕಿವಿ ಬಿಸಿಯಾಯಿತು. ಸತ್ತವನ ಮೇಲೆ ಗೂಬೆ ಕೂರಿಸುವುದು ಸುಲಭ, ಅವನು ಎದ್ದು ಬಂದು ಅಲ್ಲಗಳೆಯುವುದಿಲ್ಲ.

ಎದ್ದು ನಿಂತವಳು ಅವನ ಹೆಂಡತಿ ಡೆಲೋರಿಸ್. ಮುಂದಿನ ಭಾನುವಾರ ಆರಾಧನೆಯ ನಡುವೆ, ಮುಂದಿನ ಬೆಂಚು ಹಿಡಿದುಕೊಂಡು.

“ನಮ್ಮನೆಯವರಿಂದ ನಿಮಗೆಲ್ಲ ತೊಂದ್ರೆ ಆಯ್ತು. ಅವರು ಬೇಕು ಅಂತ ಮಾಡೋರಲ್ಲ. ಅವರ ಪರವಾಗಿ ನಾನು ಕ್ಷಮೆ ಕೇಳ್ತೀನಿ. ಲೋವೆಲ್, ಅವರು ಮಾಡಿಟ್ಟಿದ್ದಕ್ಕೆ ನಿನಗೂ ಕೆಟ್ಟ ಹೆಸರು ಬಂತು. ಮನಸ್ಸಿಗೆ ಹಚ್ಕೋಬೇಡಪ್ಪ.”

ಲೋವೆಲ್ಲನಿಗೆ ನಾಚಿಕೆಯಾಯಿತು ಎಂದರೆ ಸಾಲದು. ತನ್ನ ಮೈಯನ್ನೇ ಬಿಟ್ಟು ಎಲ್ಲಾದರೂ ಓಡಿಹೋಗಬೇಕೆನಿಸಿತು. ಆದರೂ ಏಳಲು ಅವನಿಗೆ ಒಂದು ಸ್ತೋತ್ರ ಹಾಡಿ ಮುಗಿಯುವಷ್ಟು ಹೊತ್ತು ಬೇಕಾಯಿತು.

“ತಂತಿ ಕಟ್ಟಿದ್ದು ನಾನು. ಟಿಲ್ಮನ್ ಅಲ್ಲ. ಕಿಟಕಿ ತೆಗೀಬೇಡಿ ಅಂದಿದ್ದೂ ನಾನೇ. ಸುಳ್ಳು ಹೇಳಿದೆ.”

ಪಾದ್ರಿ ಮುಂದಿನ ಪ್ರಾರ್ಥನೆ ಓದಿದರು. ಆಮೇಲೆ ಕೆಳಗೆ ಕಾಫಿಗೆ ಇಳಿದಾಗ, ಸರೋವರದ ಮಂಜುಗಡ್ಡೆ ಎಷ್ಟು ದಪ್ಪವಾಗಿದೆ ಎಂದು ಜನ ಅವನನ್ನು ವಿಚಾರಿಸಿದರು. ಒಬ್ಬರಾದರೂ ಉಗಿಯಬಾರದೇ ಎಂದು ಅವನು ಹಂಬಲಿಸಿದ.

ಕಾಫಿ ಬಗ್ಗಿಸುತ್ತಿದ್ದವಳು ಡೆಲೋರಿಸ್. ಅವನ ಕಪ್ ತುಂಬಿಸಿ, ಪಕ್ಕದವರಿಗೆ ಕೇಳಿಸದಂತೆ ಹೇಳಿದಳು.

“ನಮ್ಮನೆಯವರಿಗೆ ಫರ್ನೇಸ್ ಕೆಲಸ ಬರ್ತಾನೇ ಇರ್ಲಿಲ್ಲ, ಲೋವೆಲ್. ಪ್ರತಿ ಚಳಿಗಾಲ ಕರ್ಟನನ್ನ ಹಿಂಬಾಗಿಲಿಂದ ಕರೆಸಿ ಮಾಡಿಸ್ತಿದ್ರು. ಯಾರಿಗೂ ಹೇಳ್ಬೇಡ, ಲೋವೆಲ್ ನಗ್ತಾನೆ ಅಂತಿದ್ರು.”