ಬುಡ್ಡಿ ತಿಳಿಯಾಗುವ ತನಕ ಸುಂದರಕ್ಕ ಕದಲುವುದಿಲ್ಲ

ಬೆಳಕು ಹರಿಯುವ ಹೊತ್ತು. ಬೈಂದೂರು ಕಡಲ ದಡದ ಸಿಗಡಿ ಮರಿ ಕೇಂದ್ರದಲ್ಲಿ ಸುಂದರಕ್ಕ ಗಾಜಿನ ಬುಡ್ಡಿಯೊಂದನ್ನು ಕಿಟಕಿಗೆ ಹಿಡಿದು ದಿಟ್ಟಿಸುತ್ತಿದ್ದಾರೆ. ಒಳಗಿನ ಪೋಷಕಾಂಶದ ಸಾರು ಈಗಷ್ಟೇ ತುಸು ಮಬ್ಬಾಗಿದೆ. ಸಿಗಡಿ ಮರಿಗಳನ್ನು ಕೊಲ್ಲುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯುತ್ತಿದೆ. ಆ ಬ್ಯಾಕ್ಟೀರಿಯಾವನ್ನೇ ಒಡೆದು ಹಾಕುವ ವೈರಸ್ಸನ್ನು ಇದೇ ಬುಡ್ಡಿಯಲ್ಲಿ ಹೆಚ್ಚಿಸಿ, ಸೋಸಿ, ಮರಿಗಳ ತೊಟ್ಟಿಗೆ ಬಿಡುವುದು ಇವರ ಕೆಲಸ. ಸಿಗಡಿ ಚಪ್ಪರಿಸುವ ನಮಗೆ ಇವರ ಹೆಸರು ಗೊತ್ತಿಲ್ಲ. ಇನ್ನಾದರೂ ಗೊತ್ತಾಗಲಿ.

"ಇದೇ ಹೊತ್ತಿಗೆ ಬಿಡ್ಕ್. ಈಗ ಅವು ಎಳತ್, ಒಂದ್ ಎರ್ಡಾಪ ಹೊತ್ತ್. ವೈರಸ್ ಒಳಗ್ ಹೊಕ್ಕ್ ಅವುಗಳ ಅಡ್ಗಿ ಮನಿಯಲ್ಲೇ ತನ್ನ್ ಮಕ್ಳನ್ ಮಾಡತ್" ಎನ್ನುತ್ತಾ ಹನಿ ಬಿಡುತ್ತಾರೆ.

ವಂಡ್ಸೆಯ ಸುಂದರಕ್ಕ ಮುಂಬೈಯಲ್ಲಿ ಗಂಡ ಪ್ರೇಮಾನಂದರ ಪುಟ್ಟ ಹೋಟೆಲಿಗೆ ವರ್ಷಗಟ್ಟಲೆ ದೋಸೆ ಹಿಟ್ಟು ರುಬ್ಬಿದವರು. ಹೋಟೆಲು ಮುಚ್ಚಿದ ಮೇಲೆ ಊರಿಗೆ ಬಂದು ಇಲ್ಲಿ ತೊಟ್ಟಿ ತೊಳೆಯಲು ಸೇರಿದರು. ಆಗೆಲ್ಲ ರೋಗ ಬಂದರೆ ಆ್ಯಂಟಿಬಯಾಟಿಕ್ ಸುರಿಯುವುದೇ ಇಲ್ಲಿಯ ರೂಢಿ. ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಂಡಿತು, ಸತ್ತದ್ದು ಮರಿಗಳು.

"ಬುಟ್ಟಿ ಬುಟ್ಟಿ ಹೊತ್ಕಂಡ್ ಹೋಯಿ ಕಡಲ್ ಬದಿ ಹೊಯ್ಗಿಯಲ್ ಹೂತದ್ ನಾನ್. ಹೊಟ್ಟಿ ಉರ್ದ್ ಹೋಯ್ತ್. ಇನ್ ಆ ಮದ್ದ್ ನನ್ ಕೈಯಲ್ ಹಾಕ್ಸುಕಾತಿಲ್ಲೆ."

ಪ್ರಯೋಗಾಲಯ ನೋಡಿಕೊಳ್ಳುವ ಬ್ರಹ್ಮಾವರದ ಚೇತನಾ ಸುಂದರಕ್ಕನಿಗೆ ವೈರಸ್ಸಿನ ಕೆಲಸ ಕಲಿಸಿದರು. ಸಾರು ತುಸು ಮಬ್ಬಾದೊಡನೆ ವೈರಸ್ ಬಿಡಿ ಎಂದಿದ್ದರು. ಸುಂದರಕ್ಕ ಕೇಳಬೇಕಲ್ಲ! ಹಿಟ್ಟು ಚೆನ್ನಾಗಿ ಹುದುಗಿದರೇ ದೋಸೆ ಎಂದು ಕೈಗೆ ಕೂತುಬಿಟ್ಟಿದೆ. ರಾತ್ರಿಯಿಡೀ ಇಟ್ಟು, ಸಾರು ಮಜ್ಜಿಗೆಯಂತೆ ದಪ್ಪಗಾದ ಮೇಲೆ ವೈರಸ್ ಬಿಟ್ಟರು. ಅಷ್ಟರಲ್ಲಿ ಬ್ಯಾಕ್ಟೀರಿಯಾ ತಿನ್ನಲು ಏನೂ ಇಲ್ಲದೆ ಬೆಳೆಯುವುದನ್ನೇ ನಿಲ್ಲಿಸಿತ್ತು. ಒಲೆ ಆರಿದ ಮನೆಗೆ ನೆಂಟರು ಬಂದ ಹಾಗೆ, ವೈರಸ್ ಒಳಹೊಕ್ಕರೂ ಹೆಚ್ಚಲಿಲ್ಲ.

ಅತ್ತ ತೊಟ್ಟಿಯಲ್ಲಿ ಮತ್ತೆ ಮರಿಗಳು ಸಾಯತೊಡಗಿದವು. ಮಾಲೀಕ ರಾಜೇಂದ್ರ ಹಳೆಯ ಮದ್ದಿನ ಬಾಟಲಿ ಹಿಡಿದು ಬಂದರು.

"ಸಾಕ್ ಮಾರ್ರೆ ನಿಮ್ ದೋಸಿ ಹಿಟ್ಟಿನ್ ಆಟ. ಬದಿಗ್ ನಿಲ್ಲಿ."

ಸುಂದರಕ್ಕ ತೊಟ್ಟಿಗೆ ಅಡ್ಡ ನಿಂತರು. "ನಿಲ್ಲುದಿಲ್ಲೆ. ಹಾಳ್ ಮಾಡಿದ್ ನಾನ್, ಸರಿ ಮಾಡುದೂ ನಾನೇ. ಇವತ್ ಒಂದ್ ದಿನ ಕೊಡಿ. ಆಯ್ಲಿಲ್ದಿರೆ ನಾಳೆ ಕೆಲ್ಸಕ್ಕೆ ಬತ್ತಿಲ್ಲೆ."

"ಎಷ್ಟ್ ಮಬ್ಬ್ ಅಂದೇಳಿ ನಾನೂ ತೋರ್ಸ್ಲಿಲ್ಲೆ" ಎಂದು ಚೇತನಾ ಪಕ್ಕಕ್ಕೆ ಬಂದರು. ರಾಜೇಂದ್ರ ಬಾಟಲಿಯನ್ನು ಕಪಾಟಿನ ಮೇಲಿಟ್ಟು ಹೊರಟುಹೋದರು.

ಹೊಸ ಸಾರು ಇಟ್ಟು ಸುಂದರಕ್ಕ ಬುಡ್ಡಿಯ ಎದುರೇ ಕೂತರು. ಮೊದಲ ಮಬ್ಬು ಕಂಡೊಡನೆ ಹನಿ ಬಿಟ್ಟರು, ಊಟಕ್ಕೂ ಏಳಲಿಲ್ಲ. ಮಧ್ಯಾಹ್ನ ದಾಟುವಾಗ ಬ್ಯಾಕ್ಟೀರಿಯಾವೆಲ್ಲ ಒಡೆದು ಬುಡ್ಡಿ ಬಾವಿಯ ನೀರಿನಷ್ಟು ತಿಳಿಯಾಗಿತ್ತು. ಅದನ್ನು ಸೋಸಿ ತೊಟ್ಟಿಗೆ ಬಿಟ್ಟರು. ಎಲ್ಲ ಮರಿಗಳು ಉಳಿಯಲಿಲ್ಲ, ಅರ್ಧಕ್ಕಿಂತ ಹೆಚ್ಚು ಉಳಿದವು. ಅಂದಿನಿಂದ ಇಲ್ಲಿ ಆ ಮದ್ದನ್ನು ಯಾರೂ ಸುರಿದಿಲ್ಲ.

ಬಾಟಲಿ ಮಾತ್ರ ಇವತ್ತಿಗೂ ಕಪಾಟಿನ ಮೇಲೇ ಇದೆ. ಬಿಸಾಡಬಾರದೇ ಎಂದರೆ ಸುಂದರಕ್ಕ ಸೆರಗು ಸಿಕ್ಕಿಸಿಕೊಂಡು ಮುಂದಿನ ಬುಡ್ಡಿ ಎತ್ತಿಕೊಳ್ಳುತ್ತಾರೆ.

"ಬ್ಯಾಡ. ಅಲ್ಲೇ ಇರ್ಲಿ. ನಾ ಬಪ್ಪುದ್ ಹೋಪುದ್ ಕಾಣ್ತಾ ಕೂಕಂಡಿರ್ಲಿ."