ಮಾಮಾ ಆರಿಸಿದ ತುಂಬುತೋಳಿನ ಅಂಗಿ

ನನ್ನ ಮದುವೆಯಲ್ಲಿ ನಮ್ಮ ಕಡೆಯ ಗಂಡಸರೆಲ್ಲ ಒಂದೇ ನಮೂನೆಯ ಅಂಗಿ ತೊಡಬೇಕೆಂದು ಹಟ ಹಿಡಿದವನು ನನ್ನ ಸೋದರಮಾವ. ಬೀಗರು ಬಬಲೇಶ್ವರದವರು. ನಮ್ಮ ಟಿಕೋಟಾದವರಿಗೆ ಕಾಲರಿಲ್ಲದ ನೆಹರೂ ಅಂಗಿ ಬಿಟ್ಟರೆ ಬೇರೆ ಗೊತ್ತಿಲ್ಲ ಎಂದು ಅವರು ಆಡಿಕೊಳ್ಳಬಾರದಂತೆ. ಕಾಲರ್ ಇರಬೇಕು, ತೋಳು ಮುಂಗೈ ಮುಚ್ಚಬೇಕು, ಕುತ್ತಿಗೆಯ ಗುಂಡಿ ಹಾಕಲೇಬೇಕು. ಅಪ್ಪ ವಿಜಾಪುರದಿಂದ ತಂದ ಪಾಪ್ಲಿನ್ ಬಟ್ಟೆಯನ್ನು ಮಾಮಾ ಬೆಳಕಿಗೆ ಹಿಡಿದು, ಮೈ ಕಾಣುತ್ತದೆಂದು ತಿರುಗಿ ಕಳಿಸಿ ದಪ್ಪನೆಯದು ತರಿಸಿದ. ಈ ಬಿಸಿಲಿನಲ್ಲಿ ಬೆಂದುಹೋಗುತ್ತೇವೆ ಎಂದು ಅಪ್ಪ ಗೊಣಗಿದ.

ಅದು ಶೋಕಿಯಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಮಾಮಾನಿಗೆ ಕ್ಷಯವಾಗಿತ್ತು. ಮಿರಜದ ದವಾಖಾನೆಯಲ್ಲಿ ಆರು ತಿಂಗಳಿದ್ದು ಬಂದಿದ್ದ. ರೋಗ ಹೋಗಿದೆ ಎಂದು ಡಾಕ್ಟರರು ಹೇಳಿದ್ದರೂ ಮೈಗೆ ಮಾಂಸ ಬಂದಿರಲಿಲ್ಲ. ಬೀಗರ ಕಿವಿಗೆ ಬಿದ್ದರೆ ಮದುವೆ ಮುರಿಯುತ್ತಿತ್ತು. ಊರವರು ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡಿದ್ದರು. ಆದರೆ ಅಕ್ಷತೆಯ ಅಕ್ಕಿಕಾಳು ಬೀಳುವಾಗ ಮದುಮಗಳ ಬೆನ್ನಿಗೆ ಸೋದರಮಾವ ನಿಲ್ಲಬೇಕು, ಮಂದಿಯ ಕಣ್ಣೆಲ್ಲ ಅಲ್ಲೇ. ಎಲ್ಲರದೂ ತುಂಬುತೋಳಾದರೆ ಅವನದೊಂದೇ ಎದ್ದು ಕಾಣುವುದಿಲ್ಲ.

ಅಂಗಿ ಹೊಲಿಯಲು ಕೊಟ್ಟಿದ್ದು ವಿಜಾಪುರದ ದರ್ಜಿಗೆ; ಬೀಗರೂ ಬಟ್ಟೆ ಹೊಲಿಸುತ್ತಿದ್ದುದು ಅವನಲ್ಲೇ. ಹಾಗಾಗಿ ಮಾಮಾನನ್ನು ಕಳಿಸದೆ ಅವ್ವ ಅವನ ಹಳೆಯದೊಂದು ಅಂಗಿಯನ್ನು ಅಳತೆಗೆ ಕಳಿಸಿದಳು. ನಮ್ಮಲ್ಲಿ ಹೊಲಿಸುವುದೇ ಹಾಗೆ. ಅದು ಅವನು ಗಟ್ಟಿಮುಟ್ಟಾಗಿದ್ದ ಕಾಲದ್ದೆಂದು ಒಬ್ಬರಿಗೂ ಹೊಳೆಯಲಿಲ್ಲ. ಅಷ್ಟು ಶಾಣ್ಯಾ ಮಂದಿ ನಾವು!

ಮದುವೆಯ ಹಿಂದಿನ ದಿನ ಮಾಮಾ ಹೊಸ ಅಂಗಿ ತೊಟ್ಟು ನನ್ನೆದುರು ನಿಂತ. ಅವನು ಕತ್ತು ತಿರುಗಿಸಿದರೆ ಕಾಲರ್ ತಿರುಗುತ್ತಿರಲಿಲ್ಲ. ಮುಚ್ಚಲೆಂದು ಹೊಲಿಸಿದ ಅಂಗಿಯೇ ಎಲ್ಲವನ್ನೂ ಡಂಗುರ ಸಾರುತ್ತಿತ್ತು.

"ಹ್ಯಾಂಗ ಕಾಣತೈತಿ ಬೇ?"

"ಮಾಮಾ, ಅವರ ಮಂದಿ ನೋಡಿದ್ರ ನನ್ನ ಗತಿ ಏನು?" ಎಂದುಬಿಟ್ಟೆ.

ಅವನು ಒಂದೊಂದೇ ಗುಂಡಿ ಬಿಚ್ಚಿದ. "ಹೌದು, ಹೊಳ್ಳಿ ಹೊಲಸಾಕ ಹೊತ್ತೂ ಇಲ್ಲ. ನಮ್ಮ ಕಾಕಾನ ಮಗಗ ಇದು ಬರೋಬ್ಬರಿ ಆಕ್ಕೈತಿ, ಅವನೂ ನಿನಗ ಮಾಮಾನ ಅಲ್ಲೇನು? ಅವನ ನಿಲ್ಲಲಿ. ನನಗ ಜ್ವರಾ ಬಂದಾಂಗ ಆಗೇತಿ."

ಜ್ವರ ಇರಲಿಲ್ಲ. ನನಗೆ ಗೊತ್ತಿತ್ತು. ಆದರೂ ನೀನೇ ಬಾ ಎನ್ನಲಿಲ್ಲ. ನಿಜ ಹೇಳಬೇಕೆಂದರೆ, ಒಳಗೊಳಗೇ ನಿರಾಳವಾಯಿತು. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಬಬಲೇಶ್ವರದ ಮದುವೆಯ ಹಂದರದಲ್ಲಿ ಆ ಅಂಗಿ ಇನ್ನೊಬ್ಬನ ಮೈಮೇಲೆ ಹೇಳಿ ಹೊಲಿಸಿದಂತೆ ಕುಳಿತಿತ್ತು. ಬೀಗರು ನಮ್ಮ ಗಂಡಸರ ಠೀವಿ ನೋಡಿ ಮೆಚ್ಚಿದರು. ಟಿಕೋಟಾದ ಮನೆಯಲ್ಲಿ ಮಾಮಾ ಒಬ್ಬನೇ ಇದ್ದ.

ಎರಡು ವರ್ಷಕ್ಕೆ ನನಗೆ ಮಗ ಹುಟ್ಟಿದ. ಅಷ್ಟರಲ್ಲಿ ಮಾಮಾ ಮೈಕೈ ತುಂಬಿಕೊಂಡಿದ್ದ, ಕೆಮ್ಮಿನ ಸದ್ದೂ ಇರಲಿಲ್ಲ. ಬಾಣಂತನದ ಕೋಣೆಯ ಬಾಗಿಲಿಗೆ ಬಂದು ನಿಂತ. ನಾನು ಕೂಸನ್ನು ಅವನ ಮುಂದೆ ಹಿಡಿದೆ. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಬ್ಯಾಡವಾ, ಇಲ್ಲಿಂದನ ನೋಡತೀನಿ ತಗೋ" ಎಂದ.